ಅನ್ಯಗ್ರಹದವರಿಗೆ ಮನುಷ್ಯರ ಮೈ ಏಕೆ?

ರೋಲ್‌ಪ್ಲೇಯಿಂಗ್ ಆಟಕ್ಕೆ ಅನ್ಯಗ್ರಹ ಜೀವಿಗಳನ್ನು ಕಲ್ಪಿಸುವವರು ಬಹಳ ಸಲ ಮನುಷ್ಯನಿಗೇ ಹಸಿರು ಬಣ್ಣ ಬಳಿದು, ಎರಡು ಕೊಂಬು ಸೇರಿಸಿ ನಿಲ್ಲಿಸಿಬಿಡುತ್ತಾರೆ. ಆದರೆ ದೇಹ ಬದಲಾದರೆ ಬದುಕೂ ಬದಲಾಗಬೇಕು.

ಭೂಮಿಯದೇ ಆದ ಆಕ್ಟೋಪಸ್ ನೋಡಿ. ಮೂರು ಹೃದಯ, ತಾಮ್ರದಿಂದಾಗಿ ನೀಲಿಯಾದ ರಕ್ತ, ಸುಮಾರು 50 ಕೋಟಿ ನರಕೋಶಗಳು. ಅವುಗಳಲ್ಲಿ ಹೆಚ್ಚಿನವು ಇರುವುದು ತೋಳುಗಳಲ್ಲಿ. ಮೊಟ್ಟೆ ಕಾಯುವ ತಾಯಿ ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಇಂಥ ಜೀವಿಗಳು ನಾಗರಿಕತೆ ಕಟ್ಟಿದರೆ ಮಕ್ಕಳಿಗೆ ಪಾಠ ಹೇಳುವವರು ಯಾರು? ಬಂಡೆಯ ಮೇಲೆ ಕೆತ್ತಿಟ್ಟ ಗುರುತುಗಳೇ ಹೆತ್ತವರ ಜಾಗದಲ್ಲಿ ನಿಲ್ಲಬಹುದು. ಅದು ಗೊತ್ತಿಲ್ಲದೆ ಆಟಗಾರನೊಬ್ಬ ಅವನ್ನು ಅಳಿಸಿದರೆ ಒಂದು ಪೀಳಿಗೆಯೇ ಅನಾಥ. ಕಥೆಗೆ ಇದಕ್ಕಿಂತ ಒಳ್ಳೆಯ ಬಿಕ್ಕಟ್ಟು ಬೇಕೆ?

ಜೀವಿಯ ರೂಪ ವಿಚಿತ್ರವಾದಷ್ಟೂ ಅದರ ಬಯಕೆ ಅರ್ಥವಾಗುವಂತಿರಲಿ. 1967ರ ‘ಸ್ಟಾರ್ ಟ್ರೆಕ್’ ಕಂತೊಂದರಲ್ಲಿ ಗಣಿ ಕೆಲಸಗಾರರನ್ನು ಕೊಲ್ಲುವ ಹೋರ್ಟಾ, ಸಿಲಿಕಾನ್ ಆಧಾರಿತ ಬಂಡೆಯಂಥ ಪ್ರಾಣಿ. ಮುಖವೇ ಇಲ್ಲ. ಆದರೂ ಅದು ತನ್ನ ಮೊಟ್ಟೆಗಳನ್ನು ಕಾಯುತ್ತಿದೆ ಎಂದು ತಿಳಿದ ಕೂಡಲೇ ನೋಡುಗರ ಮನಸ್ಸು ಅದರ ಕಡೆ ವಾಲುತ್ತದೆ.

ಇಡೀ ಗ್ರಹದ ಇತಿಹಾಸ ಬರೆಯುತ್ತ ಕೂರಬೇಡಿ. ನಿಮ್ಮ ಜೀವಿ ಏನು ತಿನ್ನುತ್ತದೆ, ಹೇಗೆ ಮಾತಾಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬಿಷ್ಟನ್ನು ಗುರುತುಹಾಕಿಕೊಂಡು ಆಟ ಶುರುಮಾಡಿ. ಉಳಿದದ್ದನ್ನು ಆಟಗಾರರು ಕೇಳಿದಂತೆಲ್ಲ ಸೇರಿಸಿಕೊಳ್ಳಿ.