ಸೊಂಟಕ್ಕೆ ಕಪ್ ಹಾಕಿಸಿದ ವರ್ಷ

ಆಷಾಢ ಕಳೆದು ಶ್ರಾವಣ ಬಂತೆಂದರೆ ನನ್ನ ಹೊಲಿಗೆ ಮಿಷನ್ನಿಗೆ ಬಿಡುವಿಲ್ಲ. ವರಮಹಾಲಕ್ಷ್ಮಿ ಹಬ್ಬ, ಮದುವೆ, ಗೃಹಪ್ರವೇಶ ಎಲ್ಲವೂ ಒಟ್ಟಿಗೇ. ಅಂಥದೊಂದು ಶ್ರಾವಣದಲ್ಲಿ, ಕೆಳಗೆ ಬಿದ್ದ ಬಾಬಿನ್ ಎತ್ತಲು ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಮಾತ್ರೆ, ಮುಲಾಮು, ಬಿಸಿನೀರಿನ ಶಾಖ ಎಲ್ಲ ಆಯಿತು. ಮೂರು ತಿಂಗಳಾದರೂ ನೋವು ಬಿಡಲಿಲ್ಲ.

ಕಪ್ಪಿಂಗ್ ಮಾಡಿಸು ಎಂದವಳು ಗಿರಾಕಿಯೊಬ್ಬಳು. ನನಗದು ಹೊಸದೆನಿಸಲಿಲ್ಲ. ಚಿಕ್ಕಂದಿನಲ್ಲಿ ಶಿರಾ ಕಡೆಯ ನಮ್ಮೂರಿಗೆ ಕೊಂಬು ಇಡುವವರು ಬರುತ್ತಿದ್ದರು. ಅಜ್ಜಿಯ ಮಂಡಿಗೆ ಹಸುವಿನ ಕೊಂಬು ಒತ್ತಿ, ತುದಿಯ ತೂತಿನಿಂದ ಗಾಳಿ ಎಳೆದು, ಮೇಣದಿಂದ ಮುಚ್ಚುತ್ತಿದ್ದರು. ಸುಶ್ರುತ ಸಂಹಿತೆಯಲ್ಲೂ ರಕ್ತ ತೆಗೆಯಲು ಕೊಂಬು, ಜಿಗಣೆ, ಸೋರೆಬುರುಡೆ ಹೇಳಿದೆಯೆಂದು ಆಮೇಲೆ ತಿಳಿಯಿತು. ಯುನಾನಿಯವರು ಇದನ್ನು ಹಿಜಾಮಾ ಅನ್ನುತ್ತಾರೆ.

ನಮ್ಮನೆ ಕಾಮಾಕ್ಷಿಪಾಳ್ಯದಲ್ಲಿ. ಮಾಗಡಿ ರಸ್ತೆಯಲ್ಲೇ ಮುಂದೆ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ಅಲ್ಲಿಗೆ ಹೋದೆ. ವೈದ್ಯೆ ಮೊದಲು ಕಾಲು ಎತ್ತಿಸಿ ನೋಡಿದರು, ಪಾದ ಜೋಮು ಹಿಡಿಯುತ್ತದೆಯೇ, ಮೂತ್ರ ತಡೆಯಲು ಕಷ್ಟವೇ ಎಂದು ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12 ಆದರೂ ಇರಬೇಕು. "ನಿಮಗೆ ಗೀರಿ ರಕ್ತ ತೆಗೆಯುವುದು ಬೇಡ, ಒಣ ಕಪ್ ಸಾಕು" ಅಂದರು.

ಬೋರಲು ಮಲಗಿದೆ. ಸೊಂಟಕ್ಕೆ ಎಣ್ಣೆ ಸವರಿ, ಪಾರದರ್ಶಕ ಕಪ್ ಇಟ್ಟು ಕೈಪಂಪಿನಿಂದ ಗಾಳಿ ಎಳೆದರು. ಚರ್ಮ ಪೂರಿಯಂತೆ ಉಬ್ಬಿ ಒಳಗೆ ಏರಿತು. ಬಿಗಿತವೇ ಹೊರತು ಉರಿಯಿಲ್ಲ. ಹತ್ತು ನಿಮಿಷಕ್ಕೆ ತೆಗೆದಾಗ ಆರು ದುಂಡು ಗುರುತು, ನೇರಳೆ ಹಣ್ಣಿನ ಬಣ್ಣ. ಮಗಳು ಹೆದರಿ, ಅದು ಕೆಟ್ಟ ರಕ್ತವಾ ಎಂದಳು. ಎಳೆತಕ್ಕೆ ಸಣ್ಣ ರಕ್ತನಾಳಗಳು ಒಡೆದು ಚರ್ಮದಡಿ ರಕ್ತ ಜಿನುಗಿದ್ದು ಅಷ್ಟೇ, ವಾರ ಹತ್ತು ದಿನಕ್ಕೆ ಮಾಯುತ್ತದೆ ಎಂದರು ವೈದ್ಯೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಜಗತ್ತು ನೋಡಿದ್ದೂ ಇದೇ ಗುರುತುಗಳನ್ನು.

ಆ ರಾತ್ರಿ ಮಗ್ಗುಲು ಬದಲಿಸುವಾಗ ನರಳಲಿಲ್ಲ. ಎಷ್ಟೋ ದಿನದ ಮೇಲೆ ಬಂದ ನಿದ್ದೆ ಅದು, ಈಗಲೂ ನೆನಪಿದೆ. ಆದರೆ ನಾಲ್ಕನೇ ದಿನಕ್ಕೆ ನೋವು ವಾಪಸ್ ಬಂತು. ವೈದ್ಯೆ ಇದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಸ್ವಲ್ಪ ದಿನ ಆರಾಮ ಸಿಗಬಹುದು, ಬಹುಕಾಲದ ಗುಣಕ್ಕೆ ಗಟ್ಟಿ ಪುರಾವೆ ಇಲ್ಲ, ಆರಾಮ ಸಿಕ್ಕಾಗ ನಡೆಯಿರಿ, ವ್ಯಾಯಾಮ ಮಾಡಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೋವಿಲ್ಲದ ಮೂರೂ ದಿನ ಮಿಷನ್ ಮುಂದೆಯೇ ಕೂತು ಬಾಕಿ ಬಟ್ಟೆ ಮುಗಿಸಿದ್ದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಹತ್ತಿರದ ಅಂಗಡಿಯಂಥ ಒಂದು ಕೇಂದ್ರಕ್ಕೆ ಹೋದೆ. ಏಳು ಸಲದ ಪ್ಯಾಕೇಜ್, ಕೆಟ್ಟ ರಕ್ತ ತೆಗೆದರೆ ಜನ್ಮದಲ್ಲಿ ನೋವು ಬರಲ್ಲ ಅಂದರು. ಯಾವ ಮಾತ್ರೆ ತಗೋತೀರಿ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ಎಷ್ಟಿದೆ, ಒಂದನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬ್ಲೇಡಿನಿಂದ ಗೀರಿ ಕಪ್ ಇಟ್ಟರು. ಕಪ್ಪಿನಲ್ಲಿ ಹೆಪ್ಪುಗಟ್ಟಿದ ರಕ್ತ ತೋರಿಸಿ, ನೋಡಿ ಎಷ್ಟು ವಿಷ ಅಂದರು. ರಕ್ತ ಹೊರಬಂದರೆ ಹೆಪ್ಪುಗಟ್ಟುವುದು ಸಹಜ. ಅಷ್ಟು ಯೋಚಿಸುವ ಹೊತ್ತಿಗೆ ಕಣ್ಣು ಕತ್ತಲಿಟ್ಟು ಬಾಗಿಲ ಬಳಿ ಕುಸಿದೆ. ಎರಡು ವಾರ ಮೆಟ್ಟಿಲು ಹತ್ತಿದರೆ ಏದುಸಿರು. ಆ ಬ್ಲೇಡು ಹೊಸದೋ ಹಳೆಯದೋ ಎಂಬ ಚಿಂತೆಯಲ್ಲಿ ಮತ್ತೆ ರಕ್ತ ಪರೀಕ್ಷೆಗೆ ಓಡಾಡಿದ್ದು ಬೇರೆ.

ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೇ ಬಂದು ನನ್ನ ಮಿಷನ್ ನೋಡಿದರು. ಟೇಬಲ್ಲಿನ ಕಾಲುಗಳಿಗೆ ಮೂರಿಂಚಿನ ಹಲಗೆ ಕೊಡಿಸಿದರು. ಕತ್ತು, ಬೆನ್ನು ಬಗ್ಗುವುದು ತಪ್ಪಿತು. ಅರ್ಧ ಗಂಟೆಗೊಮ್ಮೆ ಏಳಬೇಕು, ಬೆಳಿಗ್ಗೆ ಮಲಗಿ ಮಂಡಿ ಮಡಚಿ ಸೊಂಟ ಎತ್ತಬೇಕು, ಸಂಜೆ ನಡೆಯಬೇಕು. ಕಬ್ಬಿಣದ ಮಾತ್ರೆ ತಪ್ಪಿಸಬಾರದು. ನೋವು ಹೆಚ್ಚಾದಾಗ ಎರಡು ಸಲ ಮತ್ತೆ ಒಣ ಕಪ್ ಹಾಕಿಸಿಕೊಂಡೆ. ಈ ಸಲ ಆರಾಮಾದ ಮೂರು ದಿನವನ್ನು ನಡೆಯಲು ಇಟ್ಟುಕೊಂಡೆ.

ಹೋದ ತಿಂಗಳು ಪಕ್ಕದ ಬೀದಿಯವರು ಫಾಲ್ಸ್ ಹಾಕಿಸಲು ಬಂದು, ಕಪ್ ಎಲ್ಲಿ ಹಾಕಿಸಿದ್ದೆ, ವಿಳಾಸ ಕೊಡು ಅಂದರು. ಕಾಲು ಜೋಮು ಹಿಡಿಯುತ್ತದಾ ಎಂದೆ. ಎರಡೂ ಕಾಲು, ಅಂದರು. ಮೂತ್ರ? ತಲೆ ತಗ್ಗಿಸಿ, ನಿನ್ನೆಯಿಂದ ಗೊತ್ತೇ ಆಗ್ತಿಲ್ಲಮ್ಮ ಅಂದರು. ಸೀರೆ ಮಡಚಿ ಪಕ್ಕಕ್ಕಿಟ್ಟು, ಬಾಗಿಲು ಎಳೆದುಕೊಂಡು, ಆಟೋ ಕರೆದು ಅವರನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ.