ಜೂಡೋ ಅಜ್ಜಿ ಕೇಕೊ

ಜೂಡೋ ಅಂದರೆ ಜಪಾನ್ ದೇಶದ ಕುಸ್ತಿ. ನಮ್ಮ ಗರಡಿಮನೆ ಕುಸ್ತಿಯ ಹಾಗೇ ಎದುರಾಳಿಯನ್ನು ಹಿಡಿದು ಕೆಡವಬೇಕು. ಆದರೆ ಬರೀ ತೋಳಿನ ಬಲ ಸಾಲದು. ಎದುರಿನವರು ತಳ್ಳಿದರೆ ನಾವು ತಿರುಗಿ ತಳ್ಳಬಾರದು. ಸ್ವಲ್ಪ ಸರಿಯಬೇಕು. ಅವರ ರಭಸಕ್ಕೆ ಅವರೇ ಮುಗ್ಗರಿಸುತ್ತಾರೆ. ಆಗ ಎಳೆದರೆ ಸಾಕು, ಬೀಳುತ್ತಾರೆ. ಸಣ್ಣ ಮೈಯವರೂ ದೊಡ್ಡ ಆಳನ್ನು ಕೆಡವಬಹುದು.

ಈ ವಿದ್ಯೆ ಕಟ್ಟಿದವರು ಜಿಗೊರೊ ಕಾನೊ. 1882ರಲ್ಲಿ ಟೋಕಿಯೊದಲ್ಲಿ ಕೊಡೋಕಾನ್ ಎಂಬ ಶಾಲೆ ತೆರೆದರು. ಅವರಿಗೆ ಹಿಂದೆ ಹಳೆಯ ಪಟ್ಟುಗಳನ್ನು ಕಲಿಸಿದ ಗುರು ಒಬ್ಬರಿದ್ದರು. ಆ ಗುರುವಿನ ಮೊಮ್ಮಗಳೇ ಕೇಕೊ ಫುಕುದಾ.

ಕೇಕೊ ಹುಟ್ಟಿದ್ದು 1913ರಲ್ಲಿ. ಹೆಣ್ಣು ಮಗು ಅಂತ ಹೂ ಜೋಡಿಸುವುದು, ಚಹಾ ಕೊಡುವ ಶಾಸ್ತ್ರ, ಅಂದವಾಗಿ ಅಕ್ಷರ ಬರೆಯುವುದು, ಇವನ್ನೆಲ್ಲ ಕಲಿಸಿದರು. 1935ರಲ್ಲಿ ಕಾನೊ ಅವರೇ ಕೇಕೊಳನ್ನು ಜೂಡೋ ಕಲಿಯಲು ಕರೆದರು. ಕೇಕೊ ಐದಡಿ ಎತ್ತರವೂ ಇರಲಿಲ್ಲ. ತೂಕ 45 ಕಿಲೋ, ಅಷ್ಟೇ. ತಾಯಿ, ಅಣ್ಣ ಹೂಂ ಅಂದರು. ಜೂಡೋ ಕಲಿತ ಹುಡುಗ ಯಾರಾದರೂ ಗಂಡನಾಗಿ ಸಿಕ್ಕಾನು ಅಂತ ಅವರ ಆಸೆ! ಮುಂದೆ ಮದುವೆ ಮಾತು ಬಂತು. ಮದುವೆಯಾದರೆ ಜೂಡೋ ಬಿಡಬೇಕು. ಕೇಕೊ ಮದುವೆಯನ್ನೇ ಬಿಟ್ಟರು. ಇದು ಸಣ್ಣ ಮಾತೇ ಅಕ್ಕಾ? ಆ ಕಾಲದಲ್ಲಿ, ಆ ಊರಲ್ಲಿ!

ಜೂಡೋದಲ್ಲಿ ಕಪ್ಪು ಪಟ್ಟಿ ಕಟ್ಟಿದ ಮೇಲೂ ಮೆಟ್ಟಿಲುಗಳಿವೆ. ಅವಕ್ಕೆ ಡಾನ್ ಅಂತಾರೆ. ಒಂದರಿಂದ ಹತ್ತರವರೆಗೆ. ಕೇಕೊ 1953ರಲ್ಲಿ ಐದನೇ ಡಾನ್ ಪಡೆದರು. ಅಲ್ಲಿಗೆ ನಿಂತಿತು. ಯಾಕೆ? ಹೆಂಗಸರಿಗೆ ಐದರ ಮೇಲೆ ಇಲ್ಲ ಅಂತ ಕೊಡೋಕಾನ್ ನಿಯಮ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೋ ಪಟ್ಟುಗಳನ್ನು ಆಡಿ ತೋರಿಸಲು ಕೇಕೊ ಬೇಕಾದರು. ಡಾನ್ ಮಾತ್ರ ಐದೇ.

ಆಮೇಲೆ ಅವರು ಅಮೆರಿಕಕ್ಕೆ ಹೋಗಿ ನೆಲೆಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಗಸರಿಗೆ ಜೂಡೋ ಕಲಿಸಿದರು. ಈ ನಿಯಮ ಸರಿಯಲ್ಲ ಅಂತ ಕೆಲವರಿಗೆ ಅನ್ನಿಸಿತು. ಅವರು ಜಗಳಕ್ಕೆ ಹೋಗಲಿಲ್ಲ. ಕೊಡೋಕಾನ್‌ಗೆ ಪತ್ರ ಬರೆದರು. ಒಂದಲ್ಲ, ಎರಡಲ್ಲ, ಪತ್ರದ ಮೇಲೆ ಪತ್ರ. 1972ರಲ್ಲಿ ಕೇಕೊಗೆ ಆರನೇ ಡಾನ್ ಬಂತು. ಐದರಿಂದ ಆರಕ್ಕೆ ಹತ್ತೊಂಬತ್ತು ವರ್ಷ! ಆಗ ಅವರಿಗೆ ವಯಸ್ಸು ಅರವತ್ತರ ಹತ್ತಿರ.

1974ರಿಂದ ಹೆಂಗಸರಿಗಾಗಿಯೇ ವರ್ಷಕ್ಕೊಂದು ಜೂಡೋ ಶಿಬಿರ ಶುರು ಮಾಡಿದರು. 1992ರಲ್ಲಿ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಜೂಡೋಗೂ ಪದಕ ಇಟ್ಟರು. 2006ರಲ್ಲಿ ಕೊಡೋಕಾನ್ ಕೇಕೊಗೆ ಒಂಬತ್ತನೇ ಡಾನ್ ಕೊಟ್ಟಿತು. ಅಷ್ಟು ಮೇಲೇರಿದ ಮೊದಲ ಹೆಂಗಸು ಅವರೇ. 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಹತ್ತನೆಯದನ್ನೂ ಕೊಟ್ಟಿತು. ಕೊಡೋಕಾನ್ ಮಾತ್ರ ಒಂಬತ್ತಕ್ಕೇ ಬಿಟ್ಟಿತು.

ತೊಂಬತ್ತು ದಾಟಿದ ಮೇಲೂ ಕೇಕೊ ಪಾಠ ಹೇಳುತ್ತಿದ್ದರು. 2013ರ ಫೆಬ್ರವರಿ 9ರಂದು ತೀರಿಕೊಂಡರು. ನೂರು ತುಂಬಲು ಎರಡು ತಿಂಗಳು ಬಾಕಿ ಇತ್ತು.

ಬರೆಯಿರಿ: ನೀವು 1972ರಲ್ಲಿ ಇದ್ದೀರಿ ಅಂದುಕೊಳ್ಳಿ. ಕೇಕೊ ಪರವಾಗಿ ಕೊಡೋಕಾನ್‌ಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ.