ಕಿಡ್ನಿ ಯಾರಿಗೆ? ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಕೆಲಸದ ಒಂದು ಪಾಠ

ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಪ್ರಯಾರಿಟಿ ಕ್ಯೂಗೆ ಕೊಡೋ ಉದಾಹರಣೆ ಹೆಚ್ಚಾಗಿ ಆಸ್ಪತ್ರೆಯದ್ದೇ. ಯಾರಿಗೆ ಸೀರಿಯಸ್ಸೋ ಅವರು ಮುಂದೆ, ಉಳಿದವರು ಹಿಂದೆ. ಇಂಟರ್ನಲ್ಸ್‌ಗೆ ಅಷ್ಟು ಸಾಕು. ಆದರೆ ಇರೋದು ಒಂದು ಕಿಡ್ನಿ, ಕಾಯುವವರು ತುಂಬಾ ಜನ ಅಂದಾಗ ಈ ಕ್ಯೂ ನಿಜವಾಗಿ ಹೇಗೆ ಓಡುತ್ತೆ ಅಂತ ಈ ಸಲ ನೋಡೋಣ. ಅದನ್ನು ಓಡಿಸುವವರ ಹೆಸರು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್.

ನಮ್ಮ ದೇಶದಲ್ಲಿ ಅಂಗಾಂಗ ಕಸಿಗೆ 1994ರ ಕಾಯ್ದೆ ಇದೆ. 2011ರ ತಿದ್ದುಪಡಿ ಪ್ರಕಾರ ಕೋಆರ್ಡಿನೇಟರ್ ಇಲ್ಲದ ಆಸ್ಪತ್ರೆಗೆ ಕಸಿ ಮಾಡೋಕೆ ನೋಂದಣಿಯೇ ಸಿಗಲ್ಲ. ಅರ್ಹತೆ ಏನು ಅಂದ್ರೆ, ವೈದ್ಯ ಪದವಿ, ಇಲ್ಲ ನರ್ಸಿಂಗ್, ಇಲ್ಲ ಯಾವುದೇ ವಿಷಯದ ಡಿಗ್ರಿ. ಸೋಶಿಯಲ್ ವರ್ಕ್ ಥರದ್ದರಲ್ಲಿ ಮಾಸ್ಟರ್ಸ್ ಇದ್ದರೆ ಒಳ್ಳೇದು. ಅಂದ್ರೆ ನಮ್ಮಂಥ ಬಿಇಯವರೂ ಆಗಬಹುದು. ಪ್ಲೇಸ್‌ಮೆಂಟ್ ಟಾಕ್‌ಗಳಲ್ಲಿ ಇದನ್ನ ಯಾರೂ ಹೇಳಲ್ಲ ಅಷ್ಟೇ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳನ್ನು ಹಂಚುವ ಹೊಣೆ ‘ಜೀವಸಾರ್ಥಕತೆ’ ಅನ್ನೋ ಸರ್ಕಾರಿ ಸಂಸ್ಥೆಯದ್ದು. ಆಸ್ಪತ್ರೆಯ ಕೋಆರ್ಡಿನೇಟರ್ ಫೋನ್ ಮಾಡೋದು ಅಲ್ಲಿಗೆ.

ಕ್ಯೂಗೆ ಹೋಗೋ ಮೊದಲು ಒಂದು ವ್ಯತ್ಯಾಸ ಗೊತ್ತಿರಬೇಕು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ನಮಗೆಲ್ಲ ಗೊತ್ತು. ಅದೇ ವರ್ಷ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದ ಸಂಚಾರಿ ವಿಜಯ್ ಅವರ ಮನೆಯವರು ಅಂಗಾಂಗಗಳನ್ನೇ ದಾನ ಮಾಡಿದರು. ಯಾಕೆ ಒಬ್ಬರದು ಕಣ್ಣು ಮಾತ್ರ, ಇನ್ನೊಬ್ಬರದು ಅಂಗಾಂಗ? ಹೃದಯ ನಿಂತರೆ ರಕ್ತ ಹರಿಯೋದು ನಿಲ್ಲುತ್ತೆ, ಕಿಡ್ನಿ, ಲಿವರ್ ಬೇಗ ಹಾಳಾಗ್ತವೆ. ಕಣ್ಣಿನ ಕಾರ್ನಿಯಾಗೆ ರಕ್ತನಾಳಗಳೇ ಇಲ್ಲ, ಹಾಗಾಗಿ ಅದನ್ನು ಕೆಲವು ಗಂಟೆಯೊಳಗೆ ತೆಗೆದರೂ ನಡೆಯುತ್ತೆ. ವಿಜಯ್ ಅವರದ್ದು ಬ್ರೈನ್ ಡೆತ್. ಮಿದುಳಿನ ಕಾಂಡ ಪೂರ್ತಿ ಸತ್ತಿರುತ್ತೆ, ಆದರೆ ವೆಂಟಿಲೇಟರ್ ಆಮ್ಲಜನಕ ಕೊಡ್ತಾ ಇರೋವರೆಗೆ ಹೃದಯ ಬಡೀತಾನೇ ಇರುತ್ತೆ. ಹೃದಯಕ್ಕೆ ಅದರದ್ದೇ ಆಸಿಲೇಟರ್ ಇದೆ, ಮಿದುಳಿನಿಂದ ಕ್ಲಾಕ್ ಸಿಗ್ನಲ್ ಬೇಕಿಲ್ಲ. ಇಸಿಯವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ.

ಇದು ಕೋಮಾ ಅಲ್ಲ. ಕೋಮಾದಿಂದ ವಾಪಸ್ ಬಂದವರು ಇದ್ದಾರೆ, ಇದರಿಂದ ಯಾರೂ ಬರಲ್ಲ. ಅದಕ್ಕೇ ಕಾನೂನು ಬಿಗಿಯಾಗಿದೆ: ನಾಲ್ಕು ಜನ ವೈದ್ಯರ ಸಮಿತಿ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ. ಕಸಿ ಮಾಡುವ ತಂಡದವರು ಆ ಸಮಿತಿಯಲ್ಲಿ ಇರೋ ಹಾಗಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡ್ತಾರೆ, ಗಂಟಲಲ್ಲಿ ಕೆಮ್ಮು ಬರುತ್ತಾ ನೋಡ್ತಾರೆ, ಕೊನೆಗೆ ಆಮ್ಲಜನಕ ಕೊಡ್ತಾನೇ ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೂ ಒಂದೇ ಒಂದು ಉಸಿರು ಬರುತ್ತಾ ಅಂತ ಕಾಯ್ತಾರೆ.

ಪೇಪರ್ ಮೇಲೆ ಇದೆಲ್ಲ ಸ್ಪಷ್ಟ. ಐಸಿಯು ಹೊರಗೆ ಕೂತ ಮನೆಯವರಿಗೆ? ಮೈ ಬೆಚ್ಚಗಿದೆ, ಎದೆ ಏರಿಳೀತಾ ಇದೆ, ಮಾನಿಟರ್ ಮೇಲೆ ಗೆರೆ ಓಡ್ತಾ ಇದೆ. ‘ನಿಮ್ಮ ಮಗ ಹೋಗಿಬಿಟ್ಟ’ ಅಂದ್ರೆ ಯಾವ ತಾಯಿ ನಂಬ್ತಾಳೆ? ಕೋಆರ್ಡಿನೇಟರ್ ಕೆಲಸದ ಕಷ್ಟದ ಅರ್ಧ ಇದೇ, ಇದಕ್ಕೆ ಯಾವ ಅಲ್ಗಾರಿದಮ್ಮೂ ಇಲ್ಲ. ಪದ್ಧತಿ ಏನಂದ್ರೆ ಸಾವಿನ ಸುದ್ದಿಯನ್ನೂ ದಾನದ ಮಾತನ್ನೂ ಒಂದೇ ಉಸಿರಲ್ಲಿ ಹೇಳಬಾರದು. ಮೊದಲು ನೋಡಿಕೊಂಡ ಡಾಕ್ಟರ್ ಸಾವನ್ನು ತಿಳಿಸ್ತಾರೆ. ಮನೆಯವರಿಗೆ ಅದು ಇಳಿಯೋಕೆ ಸಮಯ ಬೇಕು. ಆಮೇಲೆ ಕೋಆರ್ಡಿನೇಟರ್ ಬಂದು ಕೂತು, ‘ಹೀಗೊಂದು ದಾರಿ ಇದೆ ನೋಡಿ’ ಅಂತಾರೆ. ಬೇಡ ಅಂದ್ರೆ ಬೇಡ, ಒತ್ತಾಯ ಮಾಡೋ ಹಾಗಿಲ್ಲ. ಮನೆಯಲ್ಲಿ ಒಪ್ಪಿದವರ ಜೊತೆ ಒಪ್ಪದ ದೊಡ್ಡಪ್ಪ ಒಬ್ಬರು ಇದ್ದೇ ಇರ್ತಾರೆ ಅಂತ ನಮಗನ್ನಿಸುತ್ತೆ. ನಾವು 18 ತುಂಬಿದ ಮೇಲೆ ಪ್ರತಿಜ್ಞೆ ಪತ್ರ ಸಹಿ ಮಾಡಿಟ್ಟಿದ್ದರೂ ಆ ಹೊತ್ತಲ್ಲಿ ಮನೆಯವರನ್ನು ಕೇಳೇ ಕೇಳ್ತಾರೆ. ಹಾಗಾಗಿ ಕಾರ್ಡ್ ಪರ್ಸ್‌ನಲ್ಲಿ ಇಟ್ಕೊಂಡು ಮನೇಲಿ ಹೇಳದೇ ಇರೋದು ಅರ್ಧ ಕೆಲಸ. ಅಪಘಾತದ ಕೇಸಾದರೆ ಪೊಲೀಸರು, ಪೋಸ್ಟ್‌ಮಾರ್ಟಂ, ಎಲ್ಲವನ್ನೂ ಹೊಂದಿಸೋರೂ ಕೋಆರ್ಡಿನೇಟರೇ.

ಮನೆಯವರು ಸಹಿ ಹಾಕಿದರು ಅಂತಿಟ್ಕೊಳ್ಳಿ. ಈಗ ಕ್ಯೂ. ನಾವೇ ಕಟ್ಟಿದ ಒಂದು ಉದಾಹರಣೆ: ದಾನಿಯದ್ದು ಬಿ ಗುಂಪು. ಪಟ್ಟಿಯಲ್ಲಿ ಮೊದಲು ಇರೋರು ಓ ಗುಂಪಿನವರು, 6 ವರ್ಷದಿಂದ ಡಯಾಲಿಸಿಸ್. ಅವರ ರಕ್ತದಲ್ಲಿ ಬಿ ವಿರುದ್ಧದ ಆ್ಯಂಟಿಬಾಡಿ ಇದೆ, ಆಗಲ್ಲ. ಎರಡನೆಯವರು ಬಿ, ಆದರೆ ಈ ವಾರ ಸೋಂಕು ಆಗಿ ಜ್ವರ. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಕೊಡಬೇಕು, ಈಗ ಕೊಟ್ಟರೆ ಅಪಾಯ. ಮೂರನೆಯವರು ಬಿ, ಇಬ್ಬರು ಮಕ್ಕಳ ತಾಯಿ. ದಾನಿಯ ಬಿಳಿ ರಕ್ತಕಣಕ್ಕೆ ಅವರ ಸೀರಂ ಬೆರೆಸಿ ನೋಡೋದಕ್ಕೆ ಕ್ರಾಸ್‌ಮ್ಯಾಚ್ ಅಂತಾರೆ. ಅದು ಪಾಸಿಟಿವ್ ಬಂತು, ಅಂದ್ರೆ ಅವರ ದೇಹ ಈ ಕಿಡ್ನಿ ಮೇಲೆ ತಕ್ಷಣ ದಾಳಿ ಮಾಡುತ್ತೆ. ಬಸಿರು, ಹಿಂದೆ ಕೊಟ್ಟ ರಕ್ತ, ಹಳೇ ಕಸಿ, ಇವುಗಳಿಂದ ಇಂಥ ಆ್ಯಂಟಿಬಾಡಿ ಹುಟ್ಟಬಹುದು. ಕಿಡ್ನಿ ಹೋಗೋದು ನಾಲ್ಕನೆಯವರಿಗೆ.

ಗಮನಿಸಿ, ಓ ಗುಂಪಿನ ಕಿಡ್ನಿ ತಾತ್ವಿಕವಾಗಿ ಎಲ್ಲರಿಗೂ ಆಗುತ್ತೆ. ಹಾಗಂತ ಎಲ್ಲರಿಗೂ ಹಂಚಿದರೆ, ಓ ಬಿಟ್ಟು ಬೇರೇನೂ ತಗೊಳ್ಳೋಕಾಗದ ಓ ಗುಂಪಿನವರು ಕಾಯ್ತಾನೇ ಇರ್ತಾರೆ. ಅದಕ್ಕೆ ಅದೇ ಗುಂಪಿಗೆ ಮೊದಲ ಆದ್ಯತೆ ಕೊಡೋದು. ಸಿಸ್ಟಮ್ಸ್ ಓದಿದವರು ಇದನ್ನ ಸ್ಟಾರ್ವೇಶನ್ ಅಂತಾರೆ. ಇಲ್ಲಿ ಆ ಪದ ಕೇಳೋಕೆ ಸ್ವಲ್ಪ ಹಿಂಸೆ ಆಗುತ್ತೆ.

ಜೀವಂತ ದಾನಿಗಳಲ್ಲಿ ಇನ್ನೊಂದು ಚಂದದ ಲೆಕ್ಕ ಇದೆ. ಗಂಡ ಎ, ಕಿಡ್ನಿ ಕೊಡೋಕೆ ರೆಡಿ ಇರೋ ಹೆಂಡತಿ ಬಿ: ಹೊಂದಲ್ಲ. ಇನ್ನೊಂದು ಮನೆಯಲ್ಲಿ ರೋಗಿ ಬಿ, ಕೊಡೋರು ಎ. ಅದಲು ಬದಲು ಮಾಡಿದರೆ ಇಬ್ಬರೂ ಬದುಕ್ತಾರೆ. ನಮ್ಮಲ್ಲಿ ಇದಕ್ಕೆ 2011ರ ತಿದ್ದುಪಡಿ ಅವಕಾಶ ಕೊಟ್ಟಿತು. ಗ್ರಾಫ್‌ನಲ್ಲಿ ಇದು ಎರಡರ ಸೈಕಲ್. ಯಾರೂ ಮಧ್ಯದಲ್ಲಿ ಹಿಂದೆ ಸರಿಯಬಾರದು ಅಂತ ಸಾಮಾನ್ಯವಾಗಿ ನಾಲ್ಕೂ ಆಪರೇಷನ್ ಒಟ್ಟಿಗೇ ಮಾಡ್ತಾರೆ. ಮೂರರ ಸೈಕಲ್ ಆದರೆ ಆರು ಆಪರೇಷನ್. ಎರಡರ ಸೈಕಲ್‌ಗಳು ಮಾತ್ರ ಸಾಕು ಅಂದ್ರೆ ಪಾಲಿನೋಮಿಯಲ್ ಟೈಮ್‌ನಲ್ಲಿ ಗರಿಷ್ಠ ಜೋಡಿ ಹುಡುಕಬಹುದು. ಮೂರರದ್ದೂ ಸೇರಿಸಿದರೆ ಸಮಸ್ಯೆ ಎನ್‌ಪಿ ಹಾರ್ಡ್ ಆಗುತ್ತೆ. 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಕೆಲಸ ಮಾಡಿದ್ದು ಇಂಥ ವಿನಿಮಯದ ಮೇಲೇ.

ಮೃತ ದಾನಿಯ ರಾತ್ರಿಗೆ ವಾಪಸ್ ಬರೋಣ. ಟೈಮರ್ ಓಡ್ತಾ ಇದೆ. ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಹೃದಯಕ್ಕೆ ಸುಮಾರು 4 ಗಂಟೆ, ಲಿವರ್‌ಗೆ 8ರಿಂದ 12, ಕಿಡ್ನಿಗೆ ಒಂದು ದಿನದಷ್ಟು. ಬೆಂಗಳೂರಿನ ಟ್ರಾಫಿಕ್ ಪೊಲೀಸರು ಸಿಗ್ನಲ್ ತೆರವು ಮಾಡಿ ಗ್ರೀನ್ ಕಾರಿಡಾರ್ ಕೊಡೋದು ಈ ನಾಲ್ಕು ಗಂಟೆಗೋಸ್ಕರ. ಕ್ರಾಸ್‌ಮ್ಯಾಚ್ ಫಲಿತಾಂಶಕ್ಕೂ ಗಂಟೆಗಟ್ಟಲೆ ಬೇಕು. ಅಲ್ಲಿವರೆಗೆ ಸುಮ್ಮನೆ ಕೂರೋಕಾಗಲ್ಲ, ಆದ್ದರಿಂದ ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕರೆಸಿರ್ತಾರೆ. ತುಮಕೂರಿಂದಲೋ ಕೋಲಾರದಿಂದಲೋ ರಾತ್ರೋರಾತ್ರಿ, ಖಾಲಿ ಹೊಟ್ಟೆಯಲ್ಲಿ, ಬ್ಯಾಗ್ ಕಟ್ಟಿಕೊಂಡು ಬಂದಿರ್ತಾರೆ. ಬೆಳಗಿನ ಜಾವ ಒಬ್ಬರು ಥಿಯೇಟರ್ ಒಳಗೆ ಹೋಗ್ತಾರೆ. ಕೋಆರ್ಡಿನೇಟರ್ ಆಗ ಕಾರಿಡಾರಿನಲ್ಲಿ ಕೂತಿರೋ ಇನ್ನೊಂದು ಮನೆಯವರ ಹತ್ತಿರ ಹೋಗಿ, ಇವತ್ತು ಆಗಲಿಲ್ಲಮ್ಮ, ತಿಂಡಿ ತಿನ್ನಿ, ಫೋನ್ ಆನ್ ಇಟ್ಕೊಂಡಿರಿ ಅಂತ ಹೇಳಬೇಕು.